ಕೈ ನಿಮ್ದು, ಬಾಯಿ ನಂದು

ಪಿಯುಸಿಯಲ್ಲಿ ಹುಲುಗೇಶನೂ ನಾನೂ ಒಂದೇ ಬೆಂಚು. ಅವನು ನನ್ನ ಕಿವಿಯಲ್ಲಿ ಗುಟ್ಟು ಹೇಳಿದರೆ ಕರಿಹಲಗೆಯ ಹತ್ತಿರ ನಿಂತ ಮೇಷ್ಟರಿಗೆ ಕೇಳಿಸುತ್ತಿತ್ತು, ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು. ಅಷ್ಟು ದೊಡ್ಡ ದನಿ ಅವನದು. ಮೊದಲು ಆ ದನಿ ಹೋಯಿತು, ಆಮೇಲೆ ಅವನು ಹೋದ. ಇವೆರಡರ ನಡುವೆ ಅವನು ಬದುಕಿದ ರೀತಿಯನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ನಾನು ಕೊಟ್ಟೂರಿನಲ್ಲಿ ಗ್ರಂಥಪಾಲಕ. ಅವನು ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ. ಅವರ ಮನೆಯಲ್ಲಿ ತಿಂಗಳ ಸಂಬಳ ತಂದವರಲ್ಲಿ ಅವನೇ ಮೊದಲನೆಯವನು. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಭಾನುವಾರ ಅವನಿಗೆ ರಜೆ, ನನಗೆ ಕೆಲಸ, ಹಾಗಾಗಿ ಭಾನುವಾರ ಅವನು ಗ್ರಂಥಾಲಯಕ್ಕೆ ಬರುವುದು ರೂಢಿಯಾಯಿತು. ಬಂದವನು ಬಾಗಿಲಲ್ಲೇ "ಏನಲೇ ಅಮ್ರಾ!" ಎಂದು ಶುರು ಮಾಡಿದರೆ ಪೇಪರ್ ಓದುವವರೆಲ್ಲ ತಲೆ ಎತ್ತುತ್ತಿದ್ದರು. ನನ್ನ ಹೆಸರು ಅಮರೇಶ್, ಆದರೆ ಅವನ ಬಾಯಲ್ಲಿ ಅದು ಒಂದು ದಿನವೂ ಪೂರ್ತಿ ಬಂದದ್ದಿಲ್ಲ.

"ಲೇ, ಗ್ವಾಡಿ ಮ್ಯಾಲ ಏನು ಬರದೈತಿ ನೋಡು" ಎಂದು ನಾನು ಗದರಿದರೆ, ಅವನು 'ನಿಶ್ಶಬ್ದ' ಎಂಬ ಬೋರ್ಡನ್ನು ನಿಧಾನಕ್ಕೆ ಓದಿದವನಂತೆ ಮಾಡಿ ಹೇಳುತ್ತಿದ್ದ: "ಅದು ಬರದದ್ದಲೇ, ಸುಮ್ನ ಇರ್ತೈತಿ. ಬರದದ್ದು ಯಾವತ್ತರ ಮಾತಾಡಿದ್ದು ಕೇಳಿಯೇನು? ನಾ ಮನಷ್ಯಾ."

ಕೊನೆಗೆ ಹೊರಗಿನ ಬೇವಿನ ಮರದ ಕಟ್ಟೆ ಅವನ ಜಾಗವಾಯಿತು. ಅಲ್ಲಿ ಕೂತು ಅವನು ಒಬ್ಬಿಬ್ಬರಿಗೆ ಫೋನಿನ ತೊಂದರೆ ಬಗೆಹರಿಸಿಕೊಟ್ಟ. ಆಮೇಲೆ ಜನ ತಾವಾಗಿಯೇ ಬರತೊಡಗಿದರು. ಹಂಪಸಾಗರದಿಂದ, ಹಡಗಲಿ ಕಡೆಯಿಂದ ಕೊಟ್ಟೂರಿಗೆ ನಂಟರ ಮನೆಗೆ ಬಂದವರೂ ಭಾನುವಾರ ಆ ಕಟ್ಟೆಯತ್ತ ಹಣಿಕಿ ಹಾಕಿ ಹೋಗುತ್ತಿದ್ದರು.

ಅವನದೊಂದು ನಿಯಮವಿತ್ತು. ಯಾರ ಫೋನನ್ನೂ ಅವನು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಫೋನು ಚಾಚಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಾ ಮುಟ್ಟಂಗಿಲ್ಲರಿ. ಕೈ ನಿಮ್ದು, ಬಾಯಿ ನಂದು" ಎನ್ನುತ್ತಿದ್ದ. 'ಮುಟ್ಟಂಗಿಲ್ಲ' ಎನ್ನುವ ಮಾತಿಗೆ ನಮ್ಮ ಊರುಗಳಲ್ಲಿ ಇನ್ನೊಂದು ಅರ್ಥವಿದೆ. ಅವನ ಅಜ್ಜ ಅದನ್ನು ಕೇಳಿಸಿಕೊಂಡೇ ಬದುಕಿದವನು. ಹುಲುಗೇಶನಿಗೆ ಅದು ಗೊತ್ತಿತ್ತು, ಎದುರಿಗಿದ್ದವರಿಗೂ ಗೊತ್ತಿರುತ್ತಿತ್ತು. ಅವನು ನಗುತ್ತಲೇ ಹೇಳುತ್ತಿದ್ದ, ಕೇಳಿದವರು ಒಂದು ಗಳಿಗೆ ತಡೆದು ಆಮೇಲೆ ನಗುತ್ತಿದ್ದರು.

"ನಾ ಮಾಡಿಕೊಟ್ರ ಮುಂದಿನ ವಾರ ಮತ್ತ ಬರ್ತಾರ. ಅವ್ರ ಬೆರಳಿಗೆ ದಾರಿ ಗೊತ್ತಾದ್ರ ನನ್ನ ಹಂಗ್ಯಾಕ?" ಎಂದು ನನಗೊಮ್ಮೆ ಹೇಳಿದ್ದ.

ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ಅಂಗಡಿ ನಡೆಸುವ ಶಿವಬಸಮ್ಮ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅವರ ಫೋನು ಬೆಳಗಿನಿಂದ ಟಿಣ್ ಟಿಣ್ ಎನ್ನುತ್ತಿತ್ತು. ನಿಮ್ಮ ಫೋನಿಗೆ ವೈರಸ್ ಬಂದಿದೆ, ನೀವು ಕಾರು ಗೆದ್ದಿದ್ದೀರಿ, ಇಲ್ಲಿ ಒತ್ತಿ, ಬೇಗ ಒತ್ತಿ.

"ತಮ್ಮಾ, ಇದಕ್ಕ ಏನೋ ಬಡಕೊಂಡೈತಪ್ಪಾ" ಎಂದರು ಶಿವಬಸಮ್ಮ. "ಬಾಣಲಿ ಮುಂದ ಕುಂತಿರ್ತೀನಿ, ಇದು ಟಿಣ್ ಅಂತೈತಿ. ಯಾರಿಗೋ ಏನೋ ಆತು ಅಂತ ಓಡಿ ಬರ್ತೀನಿ, ಕಾರು ಬಂದೈತಿ ಅಂತೈತಿ. ಹಿಡಿ, ನೀನ ನೋಡು."

ಅವನು ಕೈ ಹಿಂದೆ ಕಟ್ಟಿಕೊಂಡ.

"ಯಾಕಪ್ಪಾ, ಎಣ್ಣಿ ಹತ್ತೈತಂತೇನು?"

"ಎಣ್ಣಿ ಹತ್ತಿದ್ರೇನಾತು ಬಿಡ್ರಿ. ಕೈ ನಿಮ್ದು, ಬಾಯಿ ನಂದು. ಮೊದಲ ಇದು ಹೇಳ್ರಿ, ಯಾವಾಗರ ಏನರ ಓದೂ ಮುಂದ, 'ಅನುಮತಿಸಿ' ಅಂತ ಒಂದು ಡಬ್ಬಿ ಬಂದಿತ್ತೇನು?"

"ಬಂದಿತ್ತಪ್ಪಾ. ಮರ್ಯಾದಿಲೆ ಕೇಳಿದ್ರು. ಹೂಂ ಅಂದೆ."

"ಬ್ಯಾಡ ಅನ್ನಬೇಕಿತ್ತಲ್ಲರಿ."

"ಅಷ್ಟು ಮರ್ಯಾದಿಲೆ ಕೇಳಿದೋರಿಗೆ ಬ್ಯಾಡ ಅಂತ ಹೆಂಗ ಅನ್ನಾದು? ಬಾಗಲಾಗ ನಿಂತು ಬರಲ್ಯಾ ಅಂದೋರಿಗೆ ನಮ್ಮ ಮನ್ಯಾಗ ಯಾವತ್ತೂ ಬ್ಯಾಡ ಅಂದಿಲ್ಲ."

"ಇವ್ರು ಬಂದು ಕುಂತ ಮ್ಯಾಲ ಎದ್ದು ಹೋಗಾದಿಲ್ಲರೀ! ಅದರ ಬಾಜೂಕ ಇನ್ನೊಂದಿತ್ತಲ್ಲ, 'ನಿರ್ಬಂಧಿಸಿ' ಅಂತ?"

"ಅಯ್ಯ, ಅದನ್ನ ಒತ್ತಿದ್ರ ಪೋಲೀಸರು ಬರ್ತಾರೇನೋ ಅಂತ ಅಂಜಿ ಬಿಟ್ಟೆ."

ಕಟ್ಟೆಯ ಸುತ್ತ ನಿಂತವರು ನಕ್ಕರು. ಹುಲುಗೇಶ ನಗಲಿಲ್ಲ. ಇದು ಶಿವಬಸಮ್ಮನವರೊಬ್ಬರ ತಪ್ಪಲ್ಲ, ನಮ್ಮ ಸೀಮೆಯವರ ತಪ್ಪು ಎಂದು ಅವನಿಗೆ ಹೊಳೆದಿತ್ತು. ರೀ ಹಚ್ಚಿ ಮಾತಾಡಿಸಿದವರಿಗೆ ನಾವು ಇಲ್ಲ ಅನ್ನಲಾರೆವು. ಫೋನಿನ ಕನ್ನಡವೋ ಎಲ್ಲವನ್ನೂ ಗೌರವದಿಂದಲೇ ಕೇಳುತ್ತದೆ. ಅವನು ಅವರಿಂದಲೇ ಬ್ರೌಸರ್ ತೆಗೆಸಿದ, ಮೇಲಿನ ಮೂಲೆಯ ಚುಕ್ಕಿಗಳನ್ನು ಒತ್ತಿಸಿದ, ಸೆಟ್ಟಿಂಗ್‌ನಲ್ಲಿ ಅಧಿಸೂಚನೆಗಳ ಜಾಗಕ್ಕೆ ಕರೆದುಕೊಂಡು ಹೋದ. ಅವರು ಹೂಂ ಎಂದು ಒಳಗೆ ಕರೆದುಕೊಂಡಿದ್ದ ವೆಬ್‌ಸೈಟುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು.

"ಈಗ ಒಂದೊಂದನ್ನ ಒತ್ತಿ ಬಂದ್ ಮಾಡ್ರಿ. ಒತ್ತೂ ಮುಂದ ಬಾಯಿ ಬಿಟ್ಟು ಬ್ಯಾಡ ಅನ್ರಿ."

"ಬ್ಯಾಡ" ಎಂದರು ಶಿವಬಸಮ್ಮ, ಮೆಲ್ಲಗೆ.

"ಮಿರ್ಚಿ ಬೇಕೇನ್ರೀ ಅಂತ ಕೂಗ್ತೀರಲ್ಲ, ಆ ದನಿಲೆ ಅನ್ರಿ."

"ಬ್ಯಾಡ!"

ಒಳಗೆ ಪೇಪರ್ ಓದುತ್ತಿದ್ದವರು ಮತ್ತೆ ತಲೆ ಎತ್ತಿದರು. ಅಂದಿನಿಂದ ಬೇವಿನ ಮರದ ಕೆಳಗೆ 'ಬ್ಯಾಡ' ಎನ್ನುವ ಕೂಗು ಪ್ರತಿ ಭಾನುವಾರ ಕೇಳುವಂತಾಯಿತು. ಟಾರ್ಚ್ ಹಚ್ಚುವ ಆ್ಯಪು ನಿಮ್ಮ ಫೋನ್ ನಂಬರುಗಳನ್ನು ನೋಡಲೇ ಎಂದರೆ ಬ್ಯಾಡ. ಆಟದ ಆ್ಯಪು ನೀವು ಎಲ್ಲಿದ್ದೀರಿ ಎಂದು ಕೇಳಿದರೆ ಬ್ಯಾಡ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳುವುದನ್ನು, ಮೊಮ್ಮಕ್ಕಳ ಕೈಗೆ ಫೋನು ಕೊಡುವ ಮುಂಚೆ ಅವರು ನೋಡಬೇಕಾದ ಪರದೆಯೊಂದನ್ನೇ ಕಟ್ಟಿಹಾಕುವುದನ್ನು, ಮನೆಯವರ ಕರೆಗೆ ಬೇರೆಯದೇ ಸದ್ದು ಇಟ್ಟುಕೊಳ್ಳುವುದನ್ನು ಕಲಿಸಿದ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಾನು ತಪ್ಪಿ ಮುಚ್ಚಿದ ಪುಟವನ್ನು ಮೂರು ಗುಂಡಿ ಒಟ್ಟಿಗೆ ಒತ್ತಿ ಮರಳಿ ತರುವುದನ್ನು ನನಗೂ ಅವನೇ ಹೇಳಿಕೊಟ್ಟದ್ದು, ಅದೂ ಕಿಟಕಿಯ ಹೊರಗೆ ನಿಂತು, ಕೂಗಿ.

ಅವನ ತಾಯಿ ದುರುಗಮ್ಮ ಓದಿದವಳಲ್ಲ. ಅವಳ ಫೋನಿನ ಮುಖಪುಟದಲ್ಲಿ ಅವನು ಬರೀ ಮುಖಗಳನ್ನು ಇಡಿಸಿದ್ದ. ಮುಖ ಒತ್ತಿದರೆ ಆ ಮುಖದವರಿಗೇ ಫೋನು ಹೋಗುತ್ತಿತ್ತು. ಅದನ್ನೂ ಅವಳ ಬೆರಳಿನಿಂದಲೇ ಮಾಡಿಸಿದ. ಬೇಡದ ಒಂದು ಫೋಟೋ ತೆಗೆದುಹಾಕುವಾಗ "ಅಲ್ಲಿ 'ಅಳಿಸಿ' ಅಂತ ಬರತೈತಿ, ಒತ್ತಬೇ" ಅಂದನಂತೆ. ದುರುಗಮ್ಮ ಬೆರಳು ಹಿಂದಕ್ಕೆ ಎಳೆದುಕೊಂಡಳು.

"ಯಾರನ್ನ ಅಳಸಬೇಕೋ?"

"ಯಾರನ್ನೂ ಅಲ್ಲಬೇ. ತಗದ್ಹಾಕೂದಕ್ಕ ಹಂಗಂತಾರ."

"ತಗದ್ಹಾಕು ಅಂತ ಬರಿಯಾಕ ಏನಾಗೇತಿ ಅವ್ರಿಗೆ? ನಾ ಯಾರನ್ನೂ ಅಳಸಾದಿಲ್ಲ."

ಆ ಫೋಟೋ ಇವತ್ತಿಗೂ ಅವಳ ಫೋನಿನಲ್ಲಿದೆ, ಯಾರದೋ ಕುರಿಯದು. ಈ ಕತೆಯನ್ನು ಅವನು ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದ್ದನೋ. ದುರುಗಮ್ಮ ಅಲ್ಲೇ ಇದ್ದರೂ ಹೇಳುತ್ತಿದ್ದ, ಅವಳೂ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು.

ತಾಯಿ ಮಗನ ನಡುವೆ ಒಂದು ಸಂಜೆಯ ವಾಡಿಕೆ ಇತ್ತು. ಕೂಡ್ಲಿಗಿಯ ಬಸ್ಸಿಳಿದು ಬಂದವನು ಓಣಿಯ ತಿರುವಿನಲ್ಲೇ "ಯವ್ವಾ, ಉಂಡೇನಬೇ?" ಎಂದು ಕೂಗುತ್ತಿದ್ದ. ಒಳಗಿನಿಂದ ಅವಳು "ಇನ್ನಾ ಇಲ್ಲೋ, ಬಾ" ಎನ್ನುತ್ತಿದ್ದಳು. ಅವನು ಬರುವ ಮುಂಚೆ ಅವಳು ಉಣ್ಣುವುದಿಲ್ಲ ಎಂಬುದು ಅವನಿಗೆ ಗೊತ್ತು, ಅವನು ಕೇಳಿಯೇ ಕೇಳುತ್ತಾನೆ ಎಂಬುದು ಅವಳಿಗೆ ಗೊತ್ತು. ಓಣಿಯವರು ಆ ಕೂಗು ಕೇಳಿ ಒಲೆಯ ಮೇಲೆ ಅನ್ನಕ್ಕೆ ಇಡುತ್ತಿದ್ದರು.

ಮೊದಲು ಆ ಕೂಗು ಒಡೆಯಿತು. ಬಸ್ಸಿನ ಧೂಳು ಎಂದ. ದುರುಗಮ್ಮ ಮೆಣಸು ಅರಿಶಿಣ ಹಾಕಿ ಹಾಲು ಕಾಯಿಸಿಕೊಟ್ಟಳು. ತಿಂಗಳುಗಳು ಕಳೆದರೂ ದನಿ ಕೂಡಲಿಲ್ಲ. ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಕೋಮಲಾ ಹಟ ಹಿಡಿದು ದಾವಣಗೆರೆಗೆ ಕರೆದೊಯ್ದಳು. ಗಂಟಲಿನ ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಬೀಡಿ, ಗುಟ್ಕಾ ಮುಟ್ಟಿದವನಲ್ಲ ಅವನು.

ಆಪರೇಷನ್ನಿಗೆ ಮುಂಚೆ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಎಂದೆ. ಅಷ್ಟು ಹೊತ್ತಿಗೆ ಅದು ಗೊಗ್ಗರಾಗಿ, ಗಾಳಿಯಷ್ಟೇ ಉಳಿದಿತ್ತು. "ಇದು ನಂದಲ್ಲಲೇ. ನಂದಲ್ಲದ್ದನ್ನ ಇಟ್ಕೊಂಡೇನು ಮಾಡ್ಲಿ?" ಎಂದ. ನಾನು ಅವನ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಆದ ಮೇಲೆ ನೋಡಲು ಹೋದಾಗ ಅವನ ಕತ್ತಿನಲ್ಲಿ ಉಸಿರಿಗೊಂದು ತೂತು ಇತ್ತು. ನನ್ನನ್ನು ಕಂಡ ಕೂಡಲೇ ಫೋನು ತೆಗೆದುಕೊಂಡು ಏನೋ ಬರೆದು ತೋರಿಸಿದ: 'ಇನ್ನು ಮೇಲೆ ನಿನ್ನ ಲೈಬ್ರರಿಯ ಒಳಗೆ ಕೂರಬಹುದಲ್ಲವೇ?' ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ, ನರ್ಸು ಮಾತ್ರ ನನಗೆ ಸುಮ್ಮನಿರಿ ಎಂದರು.

ಅವನು ಬರೆದದ್ದು ಪುಸ್ತಕದ ಕನ್ನಡ. ಶಾಲೆಗೆ ಹೋದ ನಾವೆಲ್ಲ ಹಾಗೆಯೇ. ಬಾಯಲ್ಲಿ 'ಐತಿ', ಕೈಯಲ್ಲಿ 'ಇದೆ'. ಅದರಲ್ಲಿ ವಿಶೇಷವೇನೂ ನನಗೆ ಆಗ ಕಾಣಿಸಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ನಮಗೆಲ್ಲ ಅವನು ಬರೆದು ತೋರಿಸುತ್ತಿದ್ದ. ದುರುಗಮ್ಮನಿಗೆ ಬರೆದು ತೋರಿಸಿ ಏನು ಪ್ರಯೋಜನ? ಕೋಮಲಾ ಓದಿ ಹೇಳಬೇಕು. ಅವಳು ಕೆಲಸಕ್ಕೆ ಹೋದರೆ ಮನೆಯಲ್ಲಿ ತಾಯಿ ಮಗ ಇಬ್ಬರೇ, ಮೂಕರಂತೆ. ಸಂಜೆ ಕೋಮಲಾ ಬಂದ ಮೇಲೆ ದುರುಗಮ್ಮ ಗೊಣಗುತ್ತಿದ್ದಳು: "ನಾ ಹಡದ ಮಗನ ಸಂಗಾಟ ಮಾತಾಡಾಕ ಸೊಸಿ ಬರೂತನ ಕಾಯಬೇಕು ನೋಡು. ಅವ ನನಗೇನಂದ್ನೋ, ಈಕಿ ಏನು ಹೇಳಿದ್ಲೋ."

"ಅತ್ತೀ, ನಾ ಅಕ್ಷರ ಬಿಡದಂಗ ಓದೀನಿ!" ಎಂದು ಕೋಮಲಾ ನೊಂದುಕೊಳ್ಳುತ್ತಿದ್ದಳು.

ಅವನು ಕೆಲಸಕ್ಕೆ ಮರಳಿದ. ಸಂಜೆ ಓಣಿಯ ತಿರುವಿನಲ್ಲಿ ಕೂಗಿಲ್ಲ. ಸದ್ದಿಲ್ಲದೆ ಒಳಗೆ ಬಂದು ನಿಂತರೆ ದುರುಗಮ್ಮ ಬೆಚ್ಚಿ ಬೀಳುತ್ತಿದ್ದಳು. "ಬೆಕ್ಕು ಬಂದಂಗ ಬರ್ತಾನ" ಎಂದು ನನ್ನೆದುರು ಒಮ್ಮೆ ಹೇಳಿ ಮುಖ ತಿರುಗಿಸಿದಳು. ಕೋಮಲಾ ಹೇಳಿದಳು, ಅತ್ತೆ ಈಗ ಅವನಿಗೆ ಕಾಯದೆ ಮಧ್ಯಾಹ್ನದ್ದನ್ನೇ ಒಂದಿಷ್ಟು ತಿಂದು ಮಲಗಿಬಿಡುತ್ತಾಳೆ ಎಂದು. ಇದು ಹುಲುಗೇಶನನ್ನು ಕತ್ತಿನ ಗಾಯಕ್ಕಿಂತ ಹೆಚ್ಚು ನೋಯಿಸಿತು. ಆ ಭಾನುವಾರ ನನಗೆ ಬರೆದು ತೋರಿಸಿದ: 'ಬೇರೆ ಯಾರ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ಅವ್ವನ ಜೊತೆ ನಾನೇ ಮಾತಾಡಬೇಕು.'

ಬರೆದದ್ದನ್ನು ಓದಿ ಹೇಳುವ ಆ್ಯಪೊಂದನ್ನು ಅವನು ಆಗಲೇ ಹಾಕಿಕೊಂಡಿದ್ದ. ಮೊದಲ ವಾಕ್ಯ ಬರೆದುಕೊಡು ಎಂದ. ನಾನು ಕನ್ನಡ ಓದಿದವನಲ್ಲವೇ, ಶುದ್ಧವಾಗಿ ಬರೆದುಕೊಟ್ಟೆ. ಇಬ್ಬರೂ ಮನೆಗೆ ಹೋದೆವು. ಗೋಡೆಯ ಮೇಲೆ ಅವನು ತಂದ ಬುದ್ಧನ ಪಟ, ಅದರ ಪಕ್ಕ ದುರುಗಮ್ಮನ ದೇವಿ ಉಚ್ಚಂಗೆಮ್ಮ. ಅವೆರಡರ ಕೆಳಗೆ ಅವಳು ಶೇಂಗಾ ಸುಲಿಯುತ್ತ ಕೂತಿದ್ದಳು. ಅವನು ಅವಳ ಎದುರು ಕೂತು ಫೋನು ಒತ್ತಿದ.

"ಅಮ್ಮಾ, ನಿಮ್ಮ ಊಟವಾಯಿತೇ?" ಎಂದಿತು ಫೋನು, ನಯವಾದ ಹೆಣ್ಣು ದನಿಯಲ್ಲಿ.

ದುರುಗಮ್ಮ ತಟ್ಟನೆ ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲ ಕಡೆ ನೋಡಿದಳು. "ಯಾರಪ್ಪಾ ಬಂದಾರ?"

"ಯಾರೂ ಇಲ್ಲಬೇ, ಹುಲುಗ್ಯಾ ಮಾತಾಡಾಕ ಹತ್ಯಾನ" ಎಂದೆ ನಾನು.

"ಇವನಾ? ಅಲ್ಲೋ, ಇದು ಬಸ್ ಸ್ಟ್ಯಾಂಡಿನ್ಯಾಗ ಮೈಕಿನ್ಯಾಗ ಒದರಾಕಿ! ಆಕಿಗ್ಯಾಕ ಬೇಕು ನನ್ನ ಊಟದ ಉಸಾಬರಿ?"

ಹುಲುಗೇಶನ ಭುಜಗಳು ಕುಣಿದವು. ಸದ್ದಿಲ್ಲದ ನಗು. ಅವನು ಹಲ್ಲಿನ ಚಕ್ರದ ಗುರುತು ಒತ್ತಿ ಫೋನಿನ ಸೆಟ್ಟಿಂಗ್ ತೆರೆದ. ಓದಿ ಹೇಳುವ ದನಿಗೆಂದೇ ಅಲ್ಲೊಂದು ಜಾಗವಿದೆ. ದನಿ ಬದಲಿಸಬಹುದು, ವೇಗ ಹೆಚ್ಚಿಸಬಹುದು, ಸ್ವರ ಏರಿಸಬಹುದು, ಇಳಿಸಬಹುದು. ಗಂಡಸಿನ ದನಿ ಆರಿಸಿ, ಸ್ವರ ಇಳಿಸಿ, ವೇಗ ಏರಿಸಿದ, ಏಕೆಂದರೆ ಅವನ ಮಾತು ಯಾವಾಗಲೂ ಓಡುತ್ತಿತ್ತು. ಮತ್ತೆ ಒತ್ತಿದ. ಅದೇ ವಾಕ್ಯ.

"ಗಂಡಸು. ಆದ್ರ ಟಿವ್ಯಾಗ ಸುದ್ದಿ ಓದಾಂವ" ಎಂದಳು ದುರುಗಮ್ಮ. "ನನ್ನ ಮಗ ಯಾವತ್ತು ನನಗ ನಿಮ್ಮ, ನಿಮಗ ಅಂದಾನ? ಸಾಕು ಬಿಡು, ಬಂದ್ ಮಾಡು ಅದನ್ನ." ಸುಲಿದ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ನಾನು ಇನ್ನೊಂದು ದನಿ ಹುಡುಕೋಣ ಎಂದೆ. ಹುಲುಗೇಶ ತಲೆ ಅಲ್ಲಾಡಿಸಿದ. ನನ್ನ ವಾಕ್ಯವನ್ನು ಪೂರ್ತಿ ತೆಗೆದುಹಾಕಿದ. ತಾನೇ ಬರೆಯತೊಡಗಿದ, ಓಣಿಯ ತಿರುವಿನಲ್ಲಿ ಕೂಗುತ್ತಿದ್ದುದನ್ನು ಇದ್ದ ಹಾಗೆ. ಆದರೆ ಫೋನಿಗೆ ಆ ಮಾತು ಗೊತ್ತಿರಲಿಲ್ಲ. ಅವನು 'ಬೇ' ಎಂದು ಬರೆದರೆ ಅದು 'ಬೇಡ' ಎಂದು ತಿದ್ದಿತು. ಗಮನಿಸದೆ ಒತ್ತಿಬಿಟ್ಟ.

"ಯವ್ವಾ, ಉಂಡೇನ ಬೇಡ."

ಒಳಗಿನಿಂದ ದುರುಗಮ್ಮ ಕೂಗಿದಳು: "ಬ್ಯಾಡಂದ್ರ ಬಿಡು!"

ಆದರೆ ಅವಳ ದನಿ ಬೇರೆಯಾಗಿತ್ತು. ಹುಲುಗೇಶನೂ ಅದನ್ನು ಗಮನಿಸಿದ. ಅವಳು ಈ ಸಲ ಮೈಕಿನವಳಿಗಲ್ಲ, ಟಿವಿಯವನಿಗಲ್ಲ, ಮಗನಿಗೇ ಸಿಟ್ಟಿನಿಂದ ಉತ್ತರ ಕೊಟ್ಟಿದ್ದಳು.

ಅವನು ಕೀಲಿಮಣೆಯ ಸೆಟ್ಟಿಂಗ್‌ಗೆ ಹೋಗಿ ತಾನಾಗಿ ತಿದ್ದುವುದನ್ನು ಬಂದ್ ಮಾಡಿದ. ಆಮೇಲೆ ಅಲ್ಲಿಯೇ ಇರುವ ಸ್ವಂತ ನಿಘಂಟನ್ನು ತೆರೆದ. ಫೋನಿಗೆ ಗೊತ್ತಿಲ್ಲದ ಮಾತನ್ನು ನಾವು ಅಲ್ಲಿ ಕಲಿಸಬಹುದು, ಅದಕ್ಕೊಂದು ಕುರುಹನ್ನೂ ಇಡಬಹುದು. ಕುರುಹು ಬರೆದರೆ ಪೂರ್ತಿ ಮಾತು ಕೀಲಿಮಣೆಯ ಮೇಲುಗಡೆ ಬಂದು ನಿಲ್ಲುತ್ತದೆ, ಮುಟ್ಟಿದರೆ ಸಾಕು. ಅವನು ಆ ವಾಕ್ಯವನ್ನು ಹಾಕಿ, ಕುರುಹು ಎಂದು 'ಯ' ಅಕ್ಷರವೊಂದನ್ನೇ ಇಟ್ಟ. ನಮ್ಮ ಲಿಪಿಯ ಒಂದು ಗುಣ ನನಗೆ ಅವತ್ತು ಹೊಸದಾಗಿ ಕಂಡಿತು. ಅಂದ ಹಾಗೆ ಬರೆದರೆ ಬರೆದ ಹಾಗೆಯೇ ಓದುತ್ತದೆ. ಯಂತ್ರಕ್ಕೆ ಕೊಟ್ಟೂರು ಗೊತ್ತಿಲ್ಲದಿದ್ದರೂ ಅಕ್ಷರ ಗೊತ್ತು.

ಅವನು ಎದ್ದು ಹೊರಗೆ ಹೋದ. ಎಲ್ಲಿಗೆ ಎಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಿಂದ, ಫೋನಿಗಿದ್ದಷ್ಟೂ ಸದ್ದಿನಲ್ಲಿ ಕೇಳಿಸಿತು:

"ಯವ್ವಾ, ಉಂಡೇನಬೇ?"

ಒಳಗೆ ಪಾತ್ರೆಯ ಸದ್ದು ನಿಂತಿತು. ದುರುಗಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಲಿಲ್ಲ.

"ಇನ್ನಾ ಇಲ್ಲೋ" ಎಂದಳು, ಮೊದಲು ಮೆಲ್ಲಗೆ. ಆಮೇಲೆ ಓಣಿಗೆ ಕೇಳುವಂತೆ: "ಇನ್ನಾ ಇಲ್ಲೋ, ಬಾ!"

ಅವತ್ತು ನನ್ನನ್ನೂ ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಬಡಿಸುತ್ತ ನನಗೆ ಹೇಳಿದಳು: "ದನಿ ಅವಂದಲ್ಲ ತಗಿ. ಮಾತು ಅವಂದು."

ಆಮೇಲೆ ಹುಲುಗೇಶ ತನ್ನ ಮಾತುಗಳನ್ನೆಲ್ಲ ಫೋನಿಗೆ ಕಲಿಸಿದ. 'ಬ' ಎಂದರೆ "ಬರ್ರಿ, ಕುಂದರ್ರಿ". 'ಹ' ಎಂದರೆ "ಹಲ್ಲಿನ ಚಕ್ರ ಐತಲ್ಲ, ಅದನ್ನ ಒತ್ರಿ". 'ಲ' ಎಂದರೆ "ಲೇ ಅಮ್ರಾ, ಚಾ ಹೇಳಲೇ". ಈಗ ಅವನು ಗ್ರಂಥಾಲಯದ ಒಳಗೇ ಕೂರುತ್ತಿದ್ದ. ಮೊದಲ ದಿನವೇ ಸದ್ದು ಪೂರ್ತಿ ಏರಿಸಿಟ್ಟು 'ಲ' ಒತ್ತಿದ. ಪೇಪರ್ ಓದುವವರು ತಲೆ ಎತ್ತಿದರು. ನಾನು ಗೋಡೆಯ ಬೋರ್ಡು ತೋರಿಸಿದೆ. ಅವನು ಅವಸರವಿಲ್ಲದೆ ಬರೆದು ಒತ್ತಿದ:

"ಅದೂ ಬರದದ್ದು, ಇದೂ ಬರದದ್ದು. ಇದು ಮಾತಾಡ್ತೈತಿ ನೋಡಲೇ."

ಅವನ ನಿಯಮ ಬದಲಾಗಲಿಲ್ಲ. ಬಾಯಿ ಹೋಗಿದೆ, ಇನ್ನಾದರೂ ಫೋನು ಕೈಗೆ ತೆಗೆದುಕೊಂಡು ಮಾಡಿಕೊಟ್ಟುಬಿಡು, ನಿನಗೂ ಸುಲಭ ಎಂದು ನಾನೇ ಹೇಳಿದ್ದೆ. ಅವನು ಒಪ್ಪಲಿಲ್ಲ. ಒಂದೊಂದು ಮಾತನ್ನೂ ಬರೆದು, ಒತ್ತಿ, ಎದುರಿನವರ ಬೆರಳು ದಾರಿ ಹಿಡಿಯುವವರೆಗೆ ಕಾಯುತ್ತಿದ್ದ. ಮೊದಲಿಗಿಂತ ಹೊತ್ತು ಹಿಡಿಯುತ್ತಿತ್ತು, ಆದರೆ ಜನ ಕಡಿಮೆಯಾಗಲಿಲ್ಲ. ಶಿವಬಸಮ್ಮ ಒಂದು ಭಾನುವಾರ ಮಂಡಕ್ಕಿ ಪೊಟ್ಟಣ ತಂದು, "ತಮ್ಮಾ, ನಿನ್ನ ಹೊಸಾ ದನಿಲೆ ಬ್ಯಾಡ ಅನ್ನು ನೋಡಾಮು" ಎಂದರು. ಫೋನಿನಿಂದ ಅನ್ನಿಸಿದ. ಅವರಿಗೆ ಸಮಾಧಾನವಾಗಲಿಲ್ಲ. "ಜೋರಿಲ್ಲ. ನಾ ಅಂತೀನಿ ತಡಿ" ಎಂದು ಗ್ರಂಥಾಲಯದ ನಡುವೆ ನಿಂತು "ಬ್ಯಾಡ!" ಎಂದು ಕೂಗಿ ಹೋದರು.

ಸುಮಾರು ಎರಡು ವರ್ಷ ಹೀಗೆ ಬದುಕಿದ. ಆಮೇಲೆ ರೋಗ ಎದೆಗೆ ಇಳಿಯಿತು. ಈ ಸಲ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ದಿನಗಳಲ್ಲಿ ಬೆರಳಿಗೂ ಬಲವಿರಲಿಲ್ಲ, ಉದ್ದದ ಮಾತು ಬರೆಯಲಾಗುತ್ತಿರಲಿಲ್ಲ. 'ಯ' ಒಂದನ್ನು ಒತ್ತುತ್ತಿದ್ದ. ಅವನೇ ಏನೂ ಉಣ್ಣಲಾರದವನು, ತಾಯಿಯನ್ನು ಕೇಳುತ್ತಿದ್ದ. ದುರುಗಮ್ಮ ಅವನ ಎದುರು ತಟ್ಟೆ ತಂದಿಟ್ಟುಕೊಂಡು, ಅವನು ನೋಡುವಂತೆ ಉಣ್ಣುತ್ತಿದ್ದಳು. ನಾನು ಅದನ್ನು ನೋಡಿದ್ದೇನೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ನನ್ನಿಂದ ಬರೆಯಲಾಗದು.

ಅವನು ತೀರಿಕೊಂಡ ಮೇಲೆ ಫೋನು ಬುದ್ಧನ ಪಟದ ಕೆಳಗಿನ ಗೂಡಿನಲ್ಲಿತ್ತು. ಬಂದ ನೆಂಟರಲ್ಲಿ ಯಾರೋ, ಆಗಾಗ ಒತ್ತಿ ಕೇಳುತ್ತಿರಬೇ, ಮಗ ಮಾತಾಡಿದಂತಾಗುತ್ತದೆ ಎಂದರಂತೆ. ದುರುಗಮ್ಮ ಒಪ್ಪಲಿಲ್ಲ. "ಅವ ಬರದ್ರ ಅದು ಮಾತಾಡ್ತಿತ್ತು. ಬರಿಯಾಂವನ ಹೋದ ಮ್ಯಾಲ ಅದರ ಮಾತು ಕಟಿಗೊಂಡು ನಾ ಏನು ಮಾಡ್ಲಿ?" ಎಂದಳು.

ಕೆಲವು ತಿಂಗಳ ಮೇಲೆ ಕೋಮಲಾ ನನಗೆ ಫೋನು ಮಾಡಿದಳು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಗಾದಿಲಿಂಗ ಎಂಬವನು ಮನೆಗೆ ಬಂದಿದ್ದಾನೆ ಎಂದಳು. ಅವನು ಮಾರ್ಕೆಟ್ಟಿನಲ್ಲಿ ತರಕಾರಿ ಹರಾಜು ಕೂಗುತ್ತಿದ್ದವನು. ಆಸ್ಪತ್ರೆಯಲ್ಲಿ ಹುಲುಗೇಶನ ಪಕ್ಕದ ಹಾಸಿಗೆಯಲ್ಲಿದ್ದ, ಅವನಿಗೂ ಅದೇ ಆಪರೇಷನ್ ಆಗಿತ್ತು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹುಲುಗೇಶ ಮೊದಲೇ ಕೋಮಲಾಳಿಗೆ ಹೇಳಿಟ್ಟಿದ್ದನಂತೆ, ನನ್ನ ಫೋನು ಅವನಿಗೆ ಕೊಡಿ ಎಂದು. "ಅಣ್ಣಾ, ನೀವ ಬಂದು ಹೇಳಿಕೊಡ್ರಿ" ಎಂದಳು.

ಹೋದೆ. ದುರುಗಮ್ಮ ಅದೇ ಜಾಗದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಗಾದಿಲಿಂಗ ಎತ್ತರದ ಆಳು, ಕತ್ತಿಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡಿದ್ದ. ನಾನು ಫೋನನ್ನು ಅವನ ಕೈಗಿಟ್ಟು, ನನಗರಿವಿಲ್ಲದೆಯೇ ಕೈಗಳನ್ನು ಹಿಂದೆ ಕಟ್ಟಿಕೊಂಡೆ. ದುರುಗಮ್ಮ ಅದನ್ನು ನೋಡಿದಳು.

"ನೀವು ಹೆಂಗ ಮಾತಾಡ್ತಿದ್ರೋ ಹಂಗ ಬರೀರಿ. ಪುಸ್ತಕದಂಗ ಬ್ಯಾಡ" ಎಂದೆ.

ಅವನಿಗೆ ಬಾಯಾರಿತ್ತೋ ಏನೋ, ಕೋಮಲಾಳನ್ನು ನೋಡಿ 'ಯಕ್ಕಾ' ಎಂದು ಬರೆಯಹೊರಟ. 'ಯ' ಬರೆದ ಕೂಡಲೇ ಮೇಲೆ ಪೂರ್ತಿ ಮಾತು ಬಂದು ನಿಂತಿತು. ಹೊಸಬ, ಅದನ್ನೇ ಮುಟ್ಟಿ, ಓದುವ ಗುಂಡಿ ಒತ್ತಿಬಿಟ್ಟ.

"ಯವ್ವಾ, ಉಂಡೇನಬೇ?"

ಕೋಮಲಾ ಕಂಬಕ್ಕೆ ಒರಗಿದಳು. ಗಾದಿಲಿಂಗ ಫೋನನ್ನು ಚಾಪೆಯ ಮೇಲಿಟ್ಟು ನಮ್ಮಿಬ್ಬರನ್ನು ನೋಡಿದ, ಏನು ತಪ್ಪು ಮಾಡಿದೆ ಎಂದು ಅವನಿಗೆ ತಿಳಿಯಲಿಲ್ಲ. ದುರುಗಮ್ಮನ ಬೆರಳು ಶೇಂಗಾದ ಮೇಲೆ ನಿಂತಿತ್ತು.

"ಉಂಡೀನೋ ಯಪ್ಪಾ" ಎಂದಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಾದಿಲಿಂಗನ ಕಡೆ ತಿರುಗಿದಳು. "ತಮ್ಮಾ, ನಿಮ್ಮವ್ವ ಅದಾಳೇನು?"

ಅವನು ಹೌದೆಂದು ತಲೆಯಾಡಿಸಿದ.

"ಓದಾಕ ಬರತೈತೇನು ಅಕಿಗೆ?"

ಇಲ್ಲ.

"ಉಂಡಿ ಏನಂತ ಅಕಿನ್ನ ಹೆಂಗ ಕೇಳ್ತಿದ್ದಿ?"

ಅವನು ಬರೆಯಲು ಹೋಗಲಿಲ್ಲ. ಅಭ್ಯಾಸಬಲದಿಂದ ಬಾಯಿಯಲ್ಲೇ ಅಂದ, ತುಟಿ ಆಡಿತು, ಸದ್ದು ಬರಲಿಲ್ಲ. ನನಗೆ ಅರ್ಥವಾಗಲಿಲ್ಲ. ದುರುಗಮ್ಮನಿಗೆ ಆಯಿತು. ಎರಡು ವರ್ಷ ಸದ್ದಿಲ್ಲದ ತುಟಿ ನೋಡಿ ಅವಳಿಗೆ ರೂಢಿಯಾಗಿತ್ತು.

"'ಅವ್ವಾ, ಉಂಡ್ಯೇನವ್ವ' ಅಂತಾನ" ಎಂದು ನನಗೆ ಹೇಳಿದಳು. "ಹರಪನಹಳ್ಳಿ ಕಡ್ಯಾರು ಬೇ ಅನ್ನಾದಿಲ್ಲ. ಇದನ್ನ ಕೇಳಿದ್ರ ಅವರವ್ವ ಯಾರೋ ಬಂದಾರಂತ ಸೆರಗು ಎಳಕೊಂತಾಳ. ಅಮ್ರಾ, ಇದನ್ನ ತಗಸು. ಇವಂದು ಹಾಕ್ಸು."

"ಇರ್ಲಿ ಬಿಡಬೇ. ಇವಂದು ಬ್ಯಾರೆ ಅಕ್ಷರಕ್ಕ ಹಾಕಾಮು" ಎಂದೆ.

"ಇವನ ಬಾಯಾಗ ನನ್ನ ಮಗನ ಮಾತು ಯಾಕ? ತಗಸು."

ನಾನು ಬಾಯಲ್ಲಿ ದಾರಿ ಹೇಳಿದೆ, ಗಾದಿಲಿಂಗನ ಬೆರಳು ನಡೆಯಿತು. ಹಲ್ಲಿನ ಚಕ್ರ, ನಿಘಂಟು, ಕನ್ನಡ, 'ಯ'. ಕೊನೆಯ ಗುಂಡಿಯ ಹತ್ತಿರ ಅವನ ಬೆರಳು ನಿಂತಿತು. ಅವನು ದುರುಗಮ್ಮನನ್ನು ನೋಡಿದ.

"ಯಾಕ ನಿಂತಿ? ಏನಂತ ಬರದೈತಿ ಅಲ್ಲಿ?"

ಅವನು ನನ್ನ ಕಡೆ ನೋಡಿದ. ನಾನೇ ಹೇಳಬೇಕಾಯಿತು. "ಅಳಿಸಿ ಅಂತ ಬರದೈತಬೇ."

ದುರುಗಮ್ಮ ಒಂದು ಶೇಂಗಾ ಒಡೆದು ಕಾಳು ಮೊರಕ್ಕೆ ಹಾಕಿದಳು.

"ಅಳೂದೆಲ್ಲಾ ಆಗೇತಿ" ಎಂದಳು. "ಒತ್ತಪ್ಪಾ."

ಒತ್ತಿದ. ಆಮೇಲೆ ತನ್ನ ಮಾತನ್ನು ತಾನೇ ಬರೆದು ಸೇರಿಸಿದ, ಕುರುಹಿಗೆ 'ಅ' ಇಟ್ಟ. ವೇಗ ತುಸು ಇಳಿಸಿಕೊಂಡ, ಹರಾಜು ಬಿಟ್ಟರೆ ಅವನದು ನಿಧಾನದ ಮಾತಂತೆ. ಮುಗಿದ ಮೇಲೆ ಒಮ್ಮೆ ಒತ್ತಿ ನೋಡಿದ.

"ಅವ್ವಾ, ಉಂಡ್ಯೇನವ್ವ?"

"ಹಾಂ, ಸರಿ ಐತಿ. ಇನ್ನ ಎದ್ದು ನಡಿ" ಎಂದಳು ದುರುಗಮ್ಮ. "ನಿಮ್ಮವ್ವ ಉಣ್ಣಲಾರ್ದ ಕುಂತಿರ್ತಾಳ. ಹೋಗಿ ಕೇಳು."